ಸ್ಟೂಡೆಂಟ್ ಅಫೇರ್ಸ್ ಸ್ನಾತಕೋತ್ತರ ಪದವಿ: ಹಾಸ್ಟೆಲ್ ಕೆಲಸವನ್ನೇ ಪ್ರಾಕ್ಟಿಕಮ್ ಎಂದು ತೋರಿಸಲೇ, ಬೇರೆ ವಿಭಾಗಕ್ಕೆ ಹೋಗಲೇ?

ಸಂಜೆಮಲ್ಲಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸ್ಟೂಡೆಂಟ್ ಅಫೇರ್ಸ್ ವಿಷಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಈಗ ಎರಡನೆಯ ಸೆಮಿಸ್ಟರ್ ನಡೆಯುತ್ತಿದೆ. ಈ ಕ್ಷೇತ್ರದ ಪರಿಚಯವಿಲ್ಲದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ತರಗತಿಯ ಪಾಠವನ್ನು ಬಿಟ್ಟು ವಿದ್ಯಾರ್ಥಿಯ ಕ್ಯಾಂಪಸ್ ಬದುಕಿಗೆ ಸೇರಿದ ಕೆಲಸಗಳು, ಎಂದರೆ ವಸತಿ, ಶೈಕ್ಷಣಿಕ ಸಲಹೆ, ಶಿಸ್ತು ಪ್ರಕರಣಗಳ ವಿಚಾರಣೆ, ಹೊಸಬರ ಓರಿಯೆಂಟೇಶನ್, ವಿದ್ಯಾರ್ಥಿ ಸಂಘಗಳು, ಉದ್ಯೋಗ ಮಾರ್ಗದರ್ಶನ, ವಿದೇಶಿ ವಿದ್ಯಾರ್ಥಿಗಳ ನೆರವು ಮುಂತಾದವನ್ನು ನಡೆಸುವ ಸಿಬ್ಬಂದಿಯನ್ನು ತಯಾರು ಮಾಡುವ ಪದವಿ ಇದು.

ನನಗೆ ವಸತಿ ವಿಭಾಗದಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್ ಸಿಕ್ಕಿದೆ. ವಾರಕ್ಕೆ 20 ಗಂಟೆಯ ಕೆಲಸ. ಅದಕ್ಕೆ ಪ್ರತಿಯಾಗಿ ಶುಲ್ಕ ವಿನಾಯಿತಿ, ಹಾಸ್ಟೆಲ್‌ನಲ್ಲೇ ವಾಸ, ಸ್ವಲ್ಪ ಮಾಸಿಕ ಭತ್ಯೆ ದೊರೆಯುತ್ತವೆ. ಇದಲ್ಲದೆ ಪದವಿಗಾಗಿ ತಲಾ 150 ಗಂಟೆಯ ಎರಡು ಪ್ರಾಕ್ಟಿಕಮ್‌ಗಳನ್ನು, ಎಂದರೆ ಒಂದು ಕಚೇರಿಯಲ್ಲಿ ಮೇಲ್ವಿಚಾರಣೆಯಲ್ಲಿ ಮಾಡುವ ಪ್ರಾಯೋಗಿಕ ಕೆಲಸವನ್ನು, ಮುಗಿಸಬೇಕು. ಮೊದಲನೆಯದು ಮುಂದಿನ ಸೆಮಿಸ್ಟರ್‌ನಲ್ಲಿದ್ದು, ಎಲ್ಲಿ ಮಾಡುತ್ತೇನೆಂದು ಇನ್ನು ಮೂರು ವಾರದೊಳಗೆ ತಿಳಿಸಬೇಕಾಗಿದೆ. ನನ್ನ ಸೂಪರ್‌ವೈಸರ್ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಸೂಚಿಸಿದ್ದಾರೆ: ಹಾಸ್ಟೆಲ್‌ನಲ್ಲೇ ಒಂದು ಹೆಚ್ಚುವರಿ ಯೋಜನೆಯನ್ನು ವಹಿಸಿಕೊಂಡು ಅದನ್ನೇ ಪ್ರಾಕ್ಟಿಕಮ್ ಎಂದು ತೋರಿಸಬಹುದಂತೆ. ಇನ್ನೊಂದೆಡೆ ಶಿಸ್ತು ವಿಚಾರಣೆಯ ಕಚೇರಿಯಲ್ಲಿಯೂ ಶೈಕ್ಷಣಿಕ ಸಲಹಾ ಕೇಂದ್ರದಲ್ಲಿಯೂ ಜಾಗ ಖಾಲಿ ಇದೆ. ಈಗಿರುವ ಕೆಲಸದಲ್ಲೇ ಉಸಿರಾಡಲು ಬಿಡುವಿಲ್ಲದಿರುವಾಗ ಹೊಸ ಜಾಗಕ್ಕೆ ಹೋಗಿ ಎಲ್ಲವನ್ನೂ ಅ ಆ ಇ ಈಯಿಂದ ಕಲಿಯುವುದು ಸರಿಯೇ ಎಂಬುದು ಮೊದಲ ಪ್ರಶ್ನೆ.

ಎರಡನೆಯದನ್ನು ಪ್ರಶ್ನೆ ಎನ್ನುವುದಕ್ಕಿಂತ ಸಂಕಟ ಎನ್ನಬೇಕು. ಕಳೆದ ಅಕ್ಟೋಬರ್‌ನ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಡ್ಯೂಟಿ ಫೋನ್ ಬಂತು. ಮೆಟ್ಟಿಲ ಮೇಲೆ ಒಬ್ಬ ವಿದ್ಯಾರ್ಥಿ ಮೊಣಕಾಲಿಗೆ ಮುಖವಿಟ್ಟು ಕುಳಿತಿದ್ದಾನೆ, ಕರೆದರೆ ಮಾತಾಡುತ್ತಿಲ್ಲ ಎಂದು ಆ ಮಹಡಿಯ ಆರ್.ಎ. (ರೆಸಿಡೆಂಟ್ ಅಸಿಸ್ಟೆಂಟ್, ಎಂದರೆ ಮಹಡಿಯನ್ನು ನೋಡಿಕೊಳ್ಳುವ ವಿದ್ಯಾರ್ಥಿನಿ) ಹೇಳಿದಳು. ನಾನು ಹೋಗಿ ಅವನಿಗಿಂತ ಎರಡು ಮೆಟ್ಟಿಲು ಕೆಳಗೆ ಕುಳಿತೆ. ಇಪ್ಪತ್ತು ನಿಮಿಷವಾದರೂ ಆಗಿರಬೇಕು, ಆಮೇಲೆ ಅವನು, "ಆರು ವಾರದಿಂದ ಊಟದ ಹಾಲ್‌ನಲ್ಲಿ ಒಬ್ಬನೇ ಕುಳಿತು ತಿನ್ನುತ್ತಿದ್ದೇನೆ, ಒಬ್ಬರೂ ಗಮನಿಸಿಲ್ಲ" ಎಂದ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಇಂಥ ಸಂದರ್ಭದಲ್ಲಿ ನೇರವಾಗಿ ಕೇಳಬೇಕೆಂದು ಆಗಸ್ಟ್‌ನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಮಾತು ಗಂಟಲವರೆಗೆ ಬಂದು ಅಲ್ಲೇ ನಿಂತಿತು, ನಾನು ಕೇಳಲಿಲ್ಲ. ಮೇಲಧಿಕಾರಿಗೆ ಕರೆ ಮಾಡಿದೆ, ಅವರು ಆಪ್ತಸಮಾಲೋಚಕರನ್ನು ಸಂಪರ್ಕಿಸಿದರು, ಆ ಹುಡುಗ ಈಗ ಚೆನ್ನಾಗಿದ್ದಾನೆ. ಆದರೆ ಮರುದಿನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ವರದಿ ಸಲ್ಲಿಸಿದೆಯಾ?" ಅದೇ ವಾರ ತರಗತಿಯಲ್ಲಿ ವಿದ್ಯಾರ್ಥಿ ವಿಕಾಸದ ಸಿದ್ಧಾಂತಗಳ ಬಗ್ಗೆ ಪ್ರಬಂಧ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಆ ಪ್ರಬಂಧಕ್ಕೂ ಆ ಮೆಟ್ಟಿಲಿಗೂ ನಡುವೆ ನನ್ನ ತಲೆಯೊಳಗೆ ಒಂದು ಗೋಡೆ ಎದ್ದಂತಾಗಿದೆ. ಕೆಲಸ ಮಾಡುತ್ತಾ ಕಲಿಯುವುದು ಎನ್ನುತ್ತಾರೆ. ನಾನು ಕೆಲಸ ಮಾಡುತ್ತಿದ್ದೇನೆ, ಕಲಿಯುತ್ತಿದ್ದೇನೆಯೇ ಎಂಬುದು ತಿಳಿಯುತ್ತಿಲ್ಲ. ಈ ದಾರಿಯಲ್ಲಿ ನಡೆದವರು ತಿಳಿಸಿಕೊಡಬೇಕಾಗಿ ವಿನಂತಿ.

ನೀಲಿಶಾಯಿ

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿಯೇ ತಿಳಿಯಾಗುತ್ತದೆ. ನಾನು ಹದಿನಾಲ್ಕು ವರ್ಷಗಳಿಂದ ವಸತಿ ವಿಭಾಗದಲ್ಲಿದ್ದೇನೆ ಮತ್ತು ನಿಮ್ಮಂತಹ ಗ್ರಾಜುಯೇಟ್ ಅಸಿಸ್ಟೆಂಟ್‌ಗಳನ್ನು ನೋಡಿಕೊಳ್ಳುವುದೇ ಈಗ ನನ್ನ ಮುಖ್ಯ ಕೆಲಸ.

ಆ ರಾತ್ರಿ ನೀವು ಮಾಡಿದ್ದರಲ್ಲಿ ಬಹುಪಾಲು ಸರಿಯಾಗಿತ್ತು. ಕೆಳಗಿನ ಮೆಟ್ಟಿಲಲ್ಲಿ ಕುಳಿತಿರಿ, ಎದುರಿಗೆ ನಿಂತು ಪ್ರಶ್ನಿಸಲಿಲ್ಲ. ಮೌನವನ್ನು ಅವಸರದಿಂದ ತುಂಬಲಿಲ್ಲ. ಒಬ್ಬರೇ ಹೊತ್ತುಕೊಳ್ಳದೆ ಮೇಲಿನವರಿಗೆ ತಿಳಿಸಿದಿರಿ. ಕೇಳದೆ ಬಿಟ್ಟ ಆ ಒಂದು ಪ್ರಶ್ನೆಯ ಬಗ್ಗೆ ಮಾತ್ರ ಸ್ಪಷ್ಟವಾಗಿ ಹೇಳಬೇಕು. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ, ಆದರೆ ಸಂಶೋಧನೆಗಳು ಆ ಭಯಕ್ಕೆ ಆಧಾರ ಕೊಟ್ಟಿಲ್ಲ; ಕೇಳಿಸಿಕೊಂಡವರಿಗೆ ಅದರಿಂದ ಬಿಡುಗಡೆಯ ಭಾವ ಬರುವುದೇ ಹೆಚ್ಚು. ಪ್ರಶ್ನೆ ಗಂಟಲಲ್ಲಿ ನಿಲ್ಲುವುದು ನಿಮ್ಮ ಸ್ವಭಾವದ ದೋಷವಲ್ಲ, ನಾಲಿಗೆಗೆ ಅಭ್ಯಾಸವಾಗದ ಮಾತು ಆಪತ್ತಿನಲ್ಲಿ ಹೊರಡುವುದಿಲ್ಲ, ಅಷ್ಟೇ. ಆದ್ದರಿಂದಲೇ ನಾನು ನನ್ನ ಅಸಿಸ್ಟೆಂಟ್‌ಗಳಿಂದ ಆ ವಾಕ್ಯವನ್ನು ಗಟ್ಟಿಯಾಗಿ, ನನ್ನ ಮುಖ ನೋಡಿಕೊಂಡು, ಹತ್ತಾರು ಸಲ ಹೇಳಿಸುತ್ತೇನೆ. ಮೊದಲ ಎರಡು ಮೂರು ಸಲ ದನಿ ಇಳಿಯುತ್ತದೆ, ಕಣ್ಣು ನೆಲ ನೋಡುತ್ತದೆ. ಏಳೆಂಟನೆಯ ಸಲಕ್ಕೆ ಅದು ಅವರದೇ ಮಾತಾಗುತ್ತದೆ. 2022ರ ಜುಲೈನಿಂದ ದೇಶದಾದ್ಯಂತ ಬಳಕೆಗೆ ಬಂದಿರುವ 988 ಎಂಬ ಮೂರಂಕಿಯ ಆತ್ಮಹತ್ಯೆ ತಡೆ ಸಹಾಯವಾಣಿಯನ್ನು ವಿದ್ಯಾರ್ಥಿಯ ಪಕ್ಕದಲ್ಲೇ ಕುಳಿತು ಡಯಲ್ ಮಾಡಿಕೊಡಬಹುದೆಂಬುದನ್ನೂ ಕಲಿಸುತ್ತೇನೆ.

ನಿಮ್ಮ ತರಬೇತಿಯಲ್ಲಿಯೂ ಬಾಗಿಲ ಹಿಂದಿನ ಸನ್ನಿವೇಶಗಳ ಅಭಿನಯ ಇದ್ದಿರಬೇಕು. ಹಳೆಯ ಆರ್.ಎ.ಗಳು ಕೋಣೆಯೊಳಗೆ ಕುಡಿದವರಂತೆ, ಜಗಳವಾಡುವವರಂತೆ, ಅಳುವವರಂತೆ ನಟಿಸುತ್ತಾರೆ, ಹೊಸಬರು ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಹೆಚ್ಚಿನ ಕಡೆ ಈ ಅಭ್ಯಾಸ ಆಗಸ್ಟ್‌ನ ಒಂದು ಸಂಜೆಗೆ ಮುಗಿದುಹೋಗುವುದು ದೊಡ್ಡ ಲೋಪ ಎಂಬುದು ನನ್ನ ಅಭಿಪ್ರಾಯ. ನಿಜವಾದ ಪ್ರಕರಣವೊಂದನ್ನು ಎದುರಿಸಿದ ಮೇಲೆ, ಅಕ್ಟೋಬರ್‌ನಲ್ಲಿ ಅದೇ ಅಭಿನಯವನ್ನು ಮತ್ತೊಮ್ಮೆ ಮಾಡಿದರೆ ಕಲಿಯುವುದು ದುಪ್ಪಟ್ಟಾಗಿರುತ್ತದೆ, ಏಕೆಂದರೆ ಆಗ ಎಲ್ಲಿ ಎಡವಿದೆವೆಂಬುದು ಗೊತ್ತಿರುತ್ತದೆ.

ಇನ್ನು ಆ ಗೋಡೆಯ ಮಾತು. "ಒಬ್ಬರೂ ಗಮನಿಸಿಲ್ಲ" ಎಂದ ಹುಡುಗನ ಮಾತನ್ನು ಇನ್ನೊಮ್ಮೆ ಓದಿ. ಸಮಾಲೋಚನಾ ಕ್ಷೇತ್ರದ ವಿದ್ವಾಂಸೆ ನ್ಯಾನ್ಸಿ ಶ್ಲಾಸ್‌ಬರ್ಗ್ ಅವರು 1989ರಲ್ಲಿ ಹೇಳಿದ್ದು ಇದನ್ನೇ: ತಾನು ಬೇರೆಯವರಿಗೆ ಲೆಕ್ಕಕ್ಕಿದ್ದೇನೆ ಎಂಬ ನಂಬಿಕೆ ಇಲ್ಲದಿದ್ದಾಗ ವಿದ್ಯಾರ್ಥಿ ಅಂಚಿಗೆ ಸರಿಯುತ್ತಾನೆ, ಮತ್ತು ಹೊಸ ಪಾತ್ರಕ್ಕೆ ಕಾಲಿಡುವ ಹೊತ್ತಿನಲ್ಲಿ ಆ ಭಾವ ತೀವ್ರವಾಗಿರುತ್ತದೆ. ನಿಮ್ಮ ಪ್ರಬಂಧದಲ್ಲಿ ಈ ಹೆಸರು ಬಂದೇ ಇರುತ್ತದೆ. ಅದನ್ನು ಮರುದಿನ ಬೆಳಿಗ್ಗೆ ಯಾರಾದರೂ ನಿಮ್ಮ ಜೊತೆ ಕುಳಿತು ಜೋಡಿಸಿಕೊಟ್ಟಿದ್ದರೆ, ಆರು ವಾರ ಒಬ್ಬನೇ ಉಣ್ಣುವ ವಿದ್ಯಾರ್ಥಿ ನಮ್ಮ ಕಣ್ಣಿಗೆ ಬೀಳುವಂತೆ ಮಾಡಲು ಮಹಡಿಯ ವ್ಯವಸ್ಥೆಯಲ್ಲಿ ಏನನ್ನು ಬದಲಿಸಬೇಕು ಎಂಬಲ್ಲಿಗೆ ನಿಮ್ಮ ಯೋಚನೆ ತಲುಪುತ್ತಿತ್ತು. ನಿಮಗೆ ಅನುಭವ ಸಿಕ್ಕಿದೆ, ಸಿದ್ಧಾಂತವೂ ಸಿಕ್ಕಿದೆ. ಸಿಗದಿರುವುದು ಅವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಮಾತಾಡುವ ಒಂದು ಗಂಟೆ.

ಆ ಗಂಟೆಯನ್ನು ನೀವೇ ಕೇಳಿ ಪಡೆಯಬೇಕು. ವಾರದ ಭೇಟಿಯಲ್ಲಿ ಮೊದಲ ಅರ್ಧ ಗಂಟೆ ಆಡಳಿತದ ವಿಷಯಕ್ಕೆ, ಉಳಿದ ಅರ್ಧ ಗಂಟೆ ಒಂದೇ ಒಂದು ಘಟನೆಯ ಪರಾಮರ್ಶೆಗೆ ಎಂದು ಗೊತ್ತುಮಾಡಿಕೊಳ್ಳಿ ಮತ್ತು ಯಾವ ಘಟನೆಯೆಂಬುದನ್ನು ಹಿಂದಿನ ದಿನವೇ ಬರೆದು ಕಳುಹಿಸಿ. ವರದಿ ಸಲ್ಲಿಸಿದೆಯಾ ಎಂದಷ್ಟೇ ಕೇಳುವ ಸೂಪರ್‌ವೈಸರ್‌ಗಳಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಅವರಿಗೂ ಹಿಂದೆ ಯಾರೂ ಬೇರೇನನ್ನೂ ಕೇಳಿರಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ: ಬೇರೆ ವಿಭಾಗಕ್ಕೆ ಹೋಗಿ. ಸ್ನಾತಕೋತ್ತರ ತರಬೇತಿಗೆ ಮಾನದಂಡ ರೂಪಿಸುವ ಸಿ.ಎ.ಎಸ್. ಮಂಡಳಿ ಮೇಲ್ವಿಚಾರಣೆಯಲ್ಲಿ ಕನಿಷ್ಠ 300 ಗಂಟೆಯ ಕೆಲಸವನ್ನು, ಅದೂ ಕನಿಷ್ಠ ಎರಡು ಬೇರೆ ಬೇರೆ ಅನುಭವಗಳಲ್ಲಿ, ಕೇಳುವುದಕ್ಕೆ ಕಾರಣವಿದೆ. ಹಾಸ್ಟೆಲ್‌ನಲ್ಲೇ ಇದ್ದು, ಹಾಸ್ಟೆಲ್‌ನಲ್ಲೇ ದುಡಿದು, ಪ್ರಾಕ್ಟಿಕಮ್ಮನ್ನೂ ಅಲ್ಲೇ ಮಾಡಿದರೆ ವಿಶ್ವವಿದ್ಯಾಲಯವನ್ನು ಒಂದೇ ಕಿಟಕಿಯಿಂದ ನೋಡಿದಂತಾಗುತ್ತದೆ.

ಕಾಲುದಾರಿ

ಮೇಲಿನವರ ಮಾತನ್ನು ಒಪ್ಪುತ್ತೇನೆ. ನಾನು ಒಂದು ಸಮುದಾಯ ಕಾಲೇಜಿನಲ್ಲಿ ಶೈಕ್ಷಣಿಕ ಸಲಹೆಗಾರ್ತಿ. ನಿಮ್ಮ ಪಟ್ಟಿಯಲ್ಲಿ ಎರಡೇ ಜಾಗಗಳಿವೆ ಮತ್ತು ಎರಡೂ ನಿಮ್ಮ ಕ್ಯಾಂಪಸ್ಸಿನಲ್ಲೇ ಇವೆ; ಹತ್ತಿರದಲ್ಲಿ ಸಮುದಾಯ ಕಾಲೇಜು ಇದ್ದರೆ ಅದನ್ನೂ ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಈ ದೇಶದ ಸ್ನಾತಕ ಮಟ್ಟದ ವಿದ್ಯಾರ್ಥಿಗಳಲ್ಲಿ ಬಹು ದೊಡ್ಡ ಪಾಲು ಇಂಥ ಎರಡು ವರ್ಷದ ಕಾಲೇಜುಗಳಲ್ಲಿದೆ, ಆದರೆ ಸ್ಟೂಡೆಂಟ್ ಅಫೇರ್ಸ್ ಪದವಿಯ ಪಠ್ಯದಲ್ಲಿ ಚಿತ್ರಿತನಾಗುವ ವಿದ್ಯಾರ್ಥಿ ಇಂದಿಗೂ ಬಹುಮಟ್ಟಿಗೆ ಹದಿನೆಂಟು ವರ್ಷದವನು, ಹಾಸ್ಟೆಲ್‌ನಲ್ಲಿ ಇರುವವನು, ಪೂರ್ಣಾವಧಿ ಓದುವವನು. ನನ್ನ ಮೇಜಿನ ಮುಂದೆ ಕುಳಿತುಕೊಳ್ಳುವವರು ರಾತ್ರಿ ಪಾಳಿ ಮುಗಿಸಿ ಬಂದ ದಾದಿಯರು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರು, ಇಪ್ಪತ್ತು ವರ್ಷದ ಹಿಂದೆ ಓದು ಬಿಟ್ಟವರು.

ಪ್ರಾಕ್ಟಿಕಮ್‌ಗೆ ಬಂದವರಿಗೆ ನಾನು ಮೊದಲ ಎರಡು ವಾರ ಸಲಹೆ ಕೊಡಲು ಬಿಡುವುದಿಲ್ಲ. ಪಕ್ಕದಲ್ಲಿ ಕುಳಿತು, ವಿದ್ಯಾರ್ಥಿ ಒಪ್ಪಿದರೆ ಮಾತ್ರ, ಕೇಳಿಸಿಕೊಳ್ಳಬೇಕು ಮತ್ತು ಒಂದೇ ಒಂದು ಸಂಗತಿಯನ್ನು ಬರೆದಿಡಬೇಕು: ವಿದ್ಯಾರ್ಥಿ ಬಾಗಿಲಲ್ಲಿ ಕೇಳಿದ ಪ್ರಶ್ನೆ ಯಾವುದು, ಎದ್ದು ಹೋಗುವ ಮುನ್ನ ಕೇಳಿದ ಪ್ರಶ್ನೆ ಯಾವುದು. ಮೊದಲನೆಯದು ಸಾಮಾನ್ಯವಾಗಿ "ಈ ಗಣಿತದ ಕೋರ್ಸ್ ಬಿಡಬಹುದೇ?" ಎಂಬಂತಿರುತ್ತದೆ. ಕೊನೆಯದು, ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ ಬರುವಂಥದ್ದು, "ಬಿಟ್ಟರೆ ನನ್ನ ಧನಸಹಾಯ ನಿಂತುಹೋಗುತ್ತದೆಯೇ?" ಎಂದಿರುತ್ತದೆ. ನಿಜವಾದ ಸಮಾಲೋಚನೆ ಅಲ್ಲಿಂದ ಶುರುವಾಗಬೇಕು, ಏಕೆಂದರೆ ಒಂದು ಕೋರ್ಸ್ ಬಿಟ್ಟಾಗ ಓದುವ ಕ್ರೆಡಿಟ್‌ಗಳ ಸಂಖ್ಯೆ ಇಳಿದು ಫೆಡರಲ್ ಧನಸಹಾಯಕ್ಕೂ ಶೈಕ್ಷಣಿಕ ಪ್ರಗತಿಯ ಲೆಕ್ಕಕ್ಕೂ ಪೆಟ್ಟು ಬೀಳಬಹುದು. ಇದು ಪುಸ್ತಕದಲ್ಲಿ ಇಲ್ಲವೆಂದಲ್ಲ, ಆದರೆ ಚೀಲ ಹೆಗಲೇರುವ ಆ ಕ್ಷಣವನ್ನು ಗುರುತಿಸುವುದನ್ನು ಪಕ್ಕದ ಕುರ್ಚಿಯಲ್ಲಿ ಕುಳಿತೇ ಕಲಿಯಬೇಕು.

ಚಿಕ್ಕ ಸಂಸ್ಥೆಗಳಲ್ಲಿ ಒಬ್ಬರೇ ನಾಲ್ಕೈದು ಕೆಲಸ ಮಾಡುತ್ತೇವೆಂಬುದೂ ಕಲಿಯುವವರಿಗೆ ಅನುಕೂಲವೇ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಕಟ್ಟಡಕ್ಕೆ ಕಳುಹಿಸಿ ಕೈತೊಳೆದುಕೊಳ್ಳಬಹುದಾದ ಸಮಸ್ಯೆ ಇಲ್ಲಿ ನಮ್ಮ ಮೇಜಿನ ಮೇಲೆಯೇ ಉಳಿಯುತ್ತದೆ.

ಹೊಂಬೆಳಕು

ಸಂಜೆಮಲ್ಲಿಗೆಯವರೇ, ನೀವು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿದ್ದೀರೋ ಇಲ್ಲವೋ ತಿಳಿಸಿಲ್ಲ. ಇದ್ದರೆ ಪ್ರಾಕ್ಟಿಕಮ್ ಜಾಗವನ್ನು ಆರಿಸುವ ಮೊದಲೇ ಕೆಲವು ವಿಷಯಗಳನ್ನು ನೋಡಿಕೊಳ್ಳಬೇಕು. ನಾನೂ ಅದೇ ವೀಸಾದಲ್ಲಿ ಇದೇ ಪದವಿ ಮುಗಿಸಿ, ಈಗ ಓರಿಯೆಂಟೇಶನ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ.

ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ನಿಮ್ಮ ಅಸಿಸ್ಟೆಂಟ್‌ಶಿಪ್ ಒಂದೇ ಆ ಮಿತಿಯನ್ನು ತುಂಬಿಬಿಟ್ಟಿದೆ, ಆದ್ದರಿಂದ ಸಂಬಳ ಬರುವ ಇನ್ನೊಂದು ಕ್ಯಾಂಪಸ್ ಕೆಲಸಕ್ಕೆ ಅಲ್ಲಿ ಜಾಗವೇ ಇಲ್ಲ. ಕ್ಯಾಂಪಸ್ಸಿನ ಹೊರಗೆ, ಉದಾಹರಣೆಗೆ ಮೇಲಿನವರು ಹೇಳಿದ ಸಮುದಾಯ ಕಾಲೇಜಿನಲ್ಲಿ, ಪ್ರಾಕ್ಟಿಕಮ್ ಮಾಡುವುದಾದರೆ ಸಿ.ಪಿ.ಟಿ. (ಪಠ್ಯದ ಭಾಗವಾದ ಕೆಲಸಕ್ಕೆ ಕೊಡುವ) ಅನುಮತಿ ಬೇಕಾಗಬಹುದು. ಸಂಬಳವಿಲ್ಲದಿದ್ದರೂ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಯನ್ನು ಮೊದಲೇ ಕೇಳಿ. ಅನುಮತಿ ಬೇಕೆಂದರೆ ಅದು ನಿಮ್ಮ ಐ-20 ಎಂಬ ವಿದ್ಯಾರ್ಥಿ ಅರ್ಹತಾ ಪತ್ರದ ಮೇಲೆ ದಾಖಲಾದ ನಂತರವೇ ಮೊದಲ ದಿನದ ಕೆಲಸಕ್ಕೆ ಕಾಲಿಡಬೇಕು; ಕೆಲಸ ಶುರುಮಾಡಿ ಆಮೇಲೆ ಪತ್ರ ತರುತ್ತೇನೆ ಎನ್ನುವುದು ವೀಸಾ ಸ್ಥಿತಿಗೇ ಅಪಾಯ. ಪೂರ್ಣಾವಧಿ ಸಿ.ಪಿ.ಟಿ. 12 ತಿಂಗಳು ತುಂಬಿದರೆ ಆ ಪದವಿಯ ಮಟ್ಟದ ಓ.ಪಿ.ಟಿ., ಎಂದರೆ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಅನುಮತಿ, ಕೈತಪ್ಪಿಹೋಗುತ್ತದೆ ಎಂಬುದೂ ಗೊತ್ತಿರಲಿ. ವಾರಕ್ಕೆ ಹತ್ತು ಗಂಟೆಯ ಪ್ರಾಕ್ಟಿಕಮ್‌ನಿಂದ ಆ ಅಪಾಯವಿಲ್ಲ.

ನಮ್ಮ ಪದವಿ ಸಾಮಾನ್ಯವಾಗಿ ವಿಜ್ಞಾನ ಮತ್ತು ತಂತ್ರಜ್ಞಾನದ ಪಟ್ಟಿಯಲ್ಲಿ ಬರುವುದಿಲ್ಲ, ಆದ್ದರಿಂದ ಓ.ಪಿ.ಟಿ. 12 ತಿಂಗಳಿಗೇ ಮುಗಿಯುತ್ತದೆ. ವಿಶ್ವವಿದ್ಯಾಲಯಗಳು ಸಲ್ಲಿಸುವ ಎಚ್-1ಬಿ ಎಂಬ ಉದ್ಯೋಗ ವೀಸಾದ ಅರ್ಜಿಗಳಿಗೆ ವಾರ್ಷಿಕ ಮಿತಿ ಅನ್ವಯಿಸುವುದಿಲ್ಲವೆಂಬುದು ಸಮಾಧಾನದ ಸಂಗತಿ, ಆದರೆ ಎಲ್ಲ ವಿಭಾಗಗಳೂ ಪ್ರಾರಂಭಿಕ ಹುದ್ದೆಗೆ ಅರ್ಜಿ ಹಾಕಿಕೊಡಲು ಮುಂದಾಗುವುದಿಲ್ಲ. ಹೀಗಿರುವಾಗ ಎರಡು ವರ್ಷವೂ ಒಂದೇ ವಿಭಾಗದ ಅನುಭವ ಇರುವವರಿಗಿಂತ ಎರಡು ಮೂರು ವಿಭಾಗಗಳ ಕೆಲಸ ಬಲ್ಲವರಿಗೆ ಬಾಗಿಲುಗಳು ಹೆಚ್ಚು. ನನಗೆ ಕೆಲಸ ಸಿಕ್ಕಿದ್ದು ಅಸಿಸ್ಟೆಂಟ್‌ಶಿಪ್‌ನಿಂದಲ್ಲ, ಎರಡನೆಯ ಪ್ರಾಕ್ಟಿಕಮ್‌ನಲ್ಲಿ ಓರಿಯೆಂಟೇಶನ್‌ಗೆ ಬಂದ ಪೋಷಕರ ಅಭಿಪ್ರಾಯ ಸಮೀಕ್ಷೆಯನ್ನು ನಾನೇ ರೂಪಿಸಿ, ಫಲಿತಾಂಶವನ್ನು ನಾಲ್ಕು ಪುಟಗಳಲ್ಲಿ ಬರೆದು ಕೊಟ್ಟದ್ದರಿಂದ. ಸಂದರ್ಶನದಲ್ಲಿ ಅರ್ಧ ಹೊತ್ತು ಆ ನಾಲ್ಕು ಪುಟಗಳ ಬಗ್ಗೆಯೇ ಮಾತಾಯಿತು.

ತಾಳೆಗರಿ

ನಾನು ಇಂಥದೇ ಒಂದು ಪದವಿ ಕಾರ್ಯಕ್ರಮದಲ್ಲಿ ಪ್ರಾಕ್ಟಿಕಮ್ ಸೆಮಿನಾರ್ ನಡೆಸುತ್ತೇನೆ. ನೀಲಿಶಾಯಿಯವರ ಹೆಚ್ಚಿನ ಮಾತುಗಳನ್ನು ಒಪ್ಪುತ್ತಲೇ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಸೂಚಿಸಬೇಕಾಗಿದೆ. ಪರಾಮರ್ಶೆಯ ಆ ಒಂದು ಗಂಟೆಯನ್ನು ವಿದ್ಯಾರ್ಥಿಯೇ ಕೇಳಿ ಪಡೆಯಬೇಕು ಎಂದಿದ್ದಾರೆ. ಸಾಮಾನ್ಯ ಉದ್ಯೋಗದಲ್ಲಿ ಆ ಮಾತು ನಡೆಯುತ್ತದೆ. ಶುಲ್ಕ, ವಾಸ, ಭತ್ಯೆ, ಅಂಕ, ಶಿಫಾರಸು ಪತ್ರ ಎಲ್ಲವೂ ಒಂದೇ ವಿಭಾಗದ ಕೈಯಲ್ಲಿರುವ ಗ್ರಾಜುಯೇಟ್ ಅಸಿಸ್ಟೆಂಟ್ ತನ್ನ ಸೂಪರ್‌ವೈಸರ್ ಬಳಿ ಹೋಗಿ "ನೀವು ನನಗೆ ಕಲಿಸುತ್ತಿಲ್ಲ" ಎಂದು ಹೇಳುವುದು ಅಷ್ಟು ಸುಲಭವಲ್ಲ. ಅದನ್ನು ಕೊಡುವುದು ಕಾರ್ಯಕ್ರಮದ ಹೊಣೆ. ಹಾಗೆಯೇ ವಾರಕ್ಕೆ 20 ಗಂಟೆ ಎಂದು ಕಾಗದದ ಮೇಲೆ ಇದ್ದದ್ದು ಡ್ಯೂಟಿ ರಾತ್ರಿಗಳನ್ನು ಸೇರಿಸಿದರೆ ಮೂವತ್ತನ್ನು ಮುಟ್ಟುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಮತ್ತು "ಇದೆಲ್ಲ ನಿಮ್ಮ ಕಲಿಕೆಗಾಗಿ" ಎಂಬ ಸಮಜಾಯಿಷಿಯನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಗಿದೆ. ಅಗ್ಗದ ದುಡಿಮೆಗೆ ಕಲಿಕೆಯ ಹೆಸರಿಡಬಾರದು. ನಿಮ್ಮ ಗಂಟೆಗಳನ್ನು ಪ್ರತಿದಿನ ಬರೆದಿಡಿ, ವೀಸಾ ಇದ್ದರಂತೂ ತಪ್ಪದೆ ಬರೆದಿಡಿ.

ಎಲ್ಲ ಅನುಭವವೂ ಸಮಾನವಾಗಿ ಕಲಿಸುವುದಿಲ್ಲ, ಕೆಲವು ಅನುಭವಗಳು ಮುಂದಿನ ಕಲಿಕೆಗೆ ಅಡ್ಡಿಯೂ ಆಗಬಲ್ಲವು ಎಂದು ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲೇ ಎಚ್ಚರಿಸಿದ್ದರು. ಡೇವಿಡ್ ಕೋಲ್ಬ್ ಅವರು 1984ರಲ್ಲಿ ಮುಂದಿಟ್ಟ ನಾಲ್ಕು ಹಂತಗಳ ಚಕ್ರ, ಎಂದರೆ ಅನುಭವಿಸುವುದು, ಹಿಂದಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆಗೆ ಬರುವುದು, ಆ ತಿಳಿವಳಿಕೆಯನ್ನು ಮತ್ತೆ ಪ್ರಯೋಗಿಸಿ ನೋಡುವುದು, ನಿಮಗೆ ಗೊತ್ತಿರುತ್ತದೆ. ಸಂಜೆಮಲ್ಲಿಗೆಯವರ ಕಥೆಯಲ್ಲಿ ಚಕ್ರ ಮೊದಲ ಹಂತದಲ್ಲೇ ನಿಂತಿದೆ. ಅಂಥ ಅನುಭವ ಹತ್ತು ಸಲ ಬಂದರೂ ವ್ಯಕ್ತಿ ಗಟ್ಟಿಯಾಗುವುದಿಲ್ಲ, ಮರಗಟ್ಟುತ್ತಾನೆ. ಹತ್ತನೆಯ ಸಲ ಮೆಟ್ಟಿಲ ಮೇಲೆ ಕುಳಿತವನನ್ನು ನೋಡಿದಾಗ ಮನಸ್ಸಿಗೆ ಮೊದಲು ಬರುವುದು ವರದಿಯ ನಮೂನೆಯೇ ಆಗಿರುತ್ತದೆ.

ಈಗ ಕೈಗೆ ಸಿಗುವ ಉಪಾಯಗಳಿಗೆ ಬರುತ್ತೇನೆ. ಎ.ಸಿ.ಪಿ.ಎ. ಮತ್ತು ನಾಸ್ಪಾ ಎಂಬ ಎರಡು ವೃತ್ತಿಸಂಘಗಳು ಸೇರಿ 2015ರಲ್ಲಿ ಪರಿಷ್ಕರಿಸಿದ ಹತ್ತು ಸಾಮರ್ಥ್ಯ ಕ್ಷೇತ್ರಗಳ ಪಟ್ಟಿಯೊಂದಿದೆ. ಅದನ್ನು ಮುಂದಿಟ್ಟುಕೊಂಡು, ಹಾಸ್ಟೆಲ್ ಕೆಲಸ ಯಾವ ಕ್ಷೇತ್ರಗಳಲ್ಲಿ ನಿಮ್ಮ ಕೈ ಪಳಗಿಸುತ್ತಿದೆ, ಯಾವುದನ್ನು ಮುಟ್ಟುತ್ತಲೇ ಇಲ್ಲ ಎಂದು ಗುರುತು ಹಾಕಿ. ಸಲಹೆ ಮತ್ತು ಬೆಂಬಲದ ಕ್ಷೇತ್ರ ತುಂಬಿರುತ್ತದೆ. ಕಾನೂನು ಮತ್ತು ನೀತಿ, ಮೌಲ್ಯಮಾಪನ ಮತ್ತು ಸಂಶೋಧನೆ ಎಂಬ ಎರಡು ಕ್ಷೇತ್ರಗಳು ಬಹುಶಃ ಖಾಲಿ ಇರುತ್ತವೆ. ಹಾಗಿದ್ದರೆ ಶಿಸ್ತು ವಿಚಾರಣೆಯ ಕಚೇರಿ ನಿಮಗೆ ಒಳ್ಳೆಯ ಆಯ್ಕೆ.

ಆ ಕಚೇರಿಯಲ್ಲಿ ಏನು ಕಲಿಯಬಹುದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ವಿಚಾರಣೆ ಮುಗಿದ ಮೇಲೆ ವಿದ್ಯಾರ್ಥಿಗೆ ಹೋಗುವ ನಿರ್ಣಯ ಪತ್ರವನ್ನು ಕರಡು ಮಾಡಲು ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹೇಳಿದ್ದರು. ಅವಳ ಮೊದಲ ಕರಡಿನಲ್ಲಿ "ನೀವು ಸುಳ್ಳು ಹೇಳಿದ್ದೀರಿ ಎಂಬುದು ಸ್ಪಷ್ಟವಾಗಿದೆ" ಎಂಬ ವಾಕ್ಯವಿತ್ತು. ಅಲ್ಲಿಯ ಮೇಲ್ವಿಚಾರಕಿ ಅದರ ಕೆಳಗೆ ಗೆರೆ ಎಳೆದು ಎರಡು ಪ್ರಶ್ನೆ ಕೇಳಿದರು: "ಇದು ನಿನಗೆ ಗೊತ್ತೇ, ಅಥವಾ ಹಾಗೆ ಅನ್ನಿಸಿತೇ? ಈ ಪತ್ರವನ್ನು ಆ ಹುಡುಗ ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ಓದುತ್ತಾನೆ ಎಂದು ನೆನಪಿದೆಯೇ?" ಕ್ಯಾಂಪಸ್ ವಿಚಾರಣೆಗಳಲ್ಲಿ ಸಾಮಾನ್ಯವಾಗಿ ಬಳಸುವ ಅಳತೆ ಎಂದರೆ, ಘಟನೆ ನಡೆದಿರುವ ಸಂಭವವೇ ನಡೆಯದಿರುವುದಕ್ಕಿಂತ ಹೆಚ್ಚು ಎಂದು ಸಾಕ್ಷ್ಯ ತೋರಿಸಬೇಕು, ಅಷ್ಟೇ, ಕ್ರಿಮಿನಲ್ ನ್ಯಾಯಾಲಯದ ಅಳತೆ ಅದಲ್ಲ. ಮೂರನೆಯ ಕರಡಿನ ಹೊತ್ತಿಗೆ ಆ ವಾಕ್ಯ "ಪ್ರವೇಶ ಕಾರ್ಡಿನ ದಾಖಲೆಯೂ ಇಬ್ಬರ ಹೇಳಿಕೆಯೂ ನಿಮ್ಮ ವಿವರಣೆಗೆ ಹೊಂದುತ್ತಿಲ್ಲ" ಎಂದಾಯಿತು. ಕಾನೂನು, ಸಾಕ್ಷ್ಯ, ಭಾಷೆ, ಘನತೆ ಎಲ್ಲವನ್ನೂ ಅವಳು ಒಂದು ಪುಟದಲ್ಲಿ ಕಲಿತಳು. ನನ್ನ ತರಗತಿಯಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಪಾಠ ಮಾಡಿದರೂ ಅದನ್ನು ಕಲಿಸಲು ನನಗೆ ಸಾಧ್ಯವಾಗುತ್ತಿರಲಿಲ್ಲ.

ಎಲ್ಲಿಗೇ ಹೋದರೂ ಮೊದಲ ವಾರದಲ್ಲೇ ಕಲಿಕೆಯ ಒಪ್ಪಂದವನ್ನು ಬರೆದು ಮೂವರೂ, ಎಂದರೆ ನೀವು, ಆ ಕಚೇರಿಯ ಮೇಲ್ವಿಚಾರಕರು ಮತ್ತು ಸೆಮಿನಾರಿನ ಅಧ್ಯಾಪಕರು, ಸಹಿ ಹಾಕಿ. "ಶಿಸ್ತು ಪ್ರಕ್ರಿಯೆಯ ಪರಿಚಯ ಪಡೆಯುವುದು" ಎಂಬಂತಹ ಗುರಿ ಬರೆಯಬೇಡಿ. "ಐದು ವಿಚಾರಣೆಗಳನ್ನು ಗಮನಿಸುವುದು, ಎರಡನ್ನು ಮೇಲ್ವಿಚಾರಕರ ಸಮ್ಮುಖದಲ್ಲಿ ನಾನೇ ನಡೆಸುವುದು, ಮೂರು ನಿರ್ಣಯ ಪತ್ರಗಳನ್ನು ಕರಡು ಮಾಡುವುದು" ಎಂದು ಬರೆಯಿರಿ. ವಾರದ ಪರಾಮರ್ಶೆಯ ಗಂಟೆಯನ್ನೂ ಅದರಲ್ಲೇ ಸೇರಿಸಿದರೆ ನೀವು ಬಾಯಿಬಿಟ್ಟು ಬೇಡಬೇಕಾಗಿ ಬರುವುದಿಲ್ಲ.

ದಿನಚರಿ ಬರೆಯುವ ಬಗ್ಗೆಯೂ ಒಂದು ಎಚ್ಚರಿಕೆ ಹೇಳಲೇಬೇಕು. ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳ ಗೋಪ್ಯತೆಯನ್ನು ಕಾಪಾಡುವ ಫೆರ್ಪಾ ಕಾನೂನು 1974ರಿಂದ ಜಾರಿಯಲ್ಲಿದೆ. ಸೆಮಿನಾರಿಗೆ ತರುವ ಬರಹದಲ್ಲಿ ಹೆಸರು, ಕೋಣೆ, ಮಹಡಿ, ಊರು, ಕ್ರೀಡಾ ತಂಡ ಯಾವುದೂ ಇರಬಾರದು. ಚಿಕ್ಕ ಕ್ಯಾಂಪಸ್ಸಿನಲ್ಲಿ ಎರಡು ವಿವರ ಸೇರಿದರೆ ಸಾಕು, ವ್ಯಕ್ತಿ ಗೊತ್ತಾಗಿಬಿಡುತ್ತಾನೆ. ಅದೇ ರೀತಿ ಲೈಂಗಿಕ ಕಿರುಕುಳದ ಸಂಗತಿಯನ್ನು ವಿದ್ಯಾರ್ಥಿ ಹೇಳಿಕೊಂಡರೆ ಅದನ್ನು ಟೈಟಲ್ ನೈನ್ ಎಂಬ ಲಿಂಗ ತಾರತಮ್ಯ ವಿರೋಧಿ ಕಾನೂನನ್ನು ನೋಡಿಕೊಳ್ಳುವ ಕಚೇರಿಗೆ ತಿಳಿಸಲೇಬೇಕೆಂದು ಬಹುತೇಕ ವಿಶ್ವವಿದ್ಯಾಲಯಗಳ ನೀತಿ ವಸತಿ ಸಿಬ್ಬಂದಿಗೆ ವಿಧಿಸುತ್ತದೆ. ಆ ಮಾತನ್ನು ವಿದ್ಯಾರ್ಥಿ ಬಾಯಿ ತೆರೆಯುವ ಮೊದಲೇ ಹೇಳುವುದು ನ್ಯಾಯ, ಹೇಳಿಕೊಂಡಾದ ಮೇಲಲ್ಲ. "ನೀನು ಹೇಳುವುದನ್ನು ಕೇಳುತ್ತೇನೆ. ಕೆಲವು ವಿಷಯಗಳನ್ನು ನಾನು ನನ್ನಲ್ಲೇ ಇಟ್ಟುಕೊಳ್ಳಲಾರೆ. ಪೂರ್ತಿ ಗುಟ್ಟಾಗಿ ಮಾತಾಡಬೇಕೆಂದರೆ ಆಪ್ತಸಮಾಲೋಚಕರ ಬಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ" ಎಂದು ಮೃದುವಾಗಿ ಹೇಳುವುದನ್ನು, ನೀಲಿಶಾಯಿಯವರು ಹೇಳಿದ ಆ ಇನ್ನೊಂದು ವಾಕ್ಯದಂತೆಯೇ, ಬಾಯಿಪಾಠವಾಗುವವರೆಗೆ ಅಭ್ಯಾಸ ಮಾಡಬೇಕು.

ನೀಲಿಶಾಯಿ

ತಾಳೆಗರಿಯವರ ಆಕ್ಷೇಪ ಸರಿಯಾಗಿದೆ, ಒಪ್ಪಿಕೊಳ್ಳುತ್ತೇನೆ. ನಾನು ಸೂಪರ್‌ವೈಸರ್‌ನ ಕುರ್ಚಿಯಲ್ಲಿ ಕುಳಿತು ಬರೆದಿದ್ದರಿಂದ, ಎದುರಿನ ಕುರ್ಚಿಯಿಂದ ಕೇಳುವುದು ಎಷ್ಟು ಭಾರ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದಿನ ಆಗಸ್ಟ್‌ನಿಂದ ನನ್ನ ಅಸಿಸ್ಟೆಂಟ್‌ಗಳ ನೇಮಕ ಪತ್ರದಲ್ಲೇ ವಾರದ ಪರಾಮರ್ಶೆಯ ಗಂಟೆಯನ್ನು ಸೇರಿಸುವ ಪ್ರಸ್ತಾವವನ್ನು ನಮ್ಮ ವಿಭಾಗದಲ್ಲಿ ಮಂಡಿಸುತ್ತೇನೆ.

ಸಂಜೆಮಲ್ಲಿಗೆ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಹೊಂಬೆಳಕು ಅವರೇ, ನಾನು ಎಫ್-1 ವೀಸಾದಲ್ಲೇ ಇದ್ದೇನೆ. ಇಂದು ಬೆಳಿಗ್ಗೆ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಿದೆ. ಕ್ಯಾಂಪಸ್ಸಿನೊಳಗಿನ ಸಂಬಳವಿಲ್ಲದ, ಕ್ರೆಡಿಟ್‌ಗಾಗಿ ಮಾಡುವ ಪ್ರಾಕ್ಟಿಕಮ್‌ಗೆ ನಮ್ಮಲ್ಲಿ ಪ್ರತ್ಯೇಕ ಅನುಮತಿ ಬೇಡವೆಂದೂ, ಹೊರಗಿನ ಕಾಲೇಜಾದರೆ ಸಿ.ಪಿ.ಟಿ. ಪ್ರಕ್ರಿಯೆಗೆ ಕೆಲವು ವಾರ ಹಿಡಿಯುತ್ತದೆಂದೂ ತಿಳಿಸಿದರು. ಆದ್ದರಿಂದ ಮೊದಲ ಪ್ರಾಕ್ಟಿಕಮ್ಮನ್ನು ಶಿಸ್ತು ವಿಚಾರಣೆಯ ಕಚೇರಿಯಲ್ಲಿ ಮಾಡಿ, ಎರಡನೆಯದಕ್ಕೆ ಸಮುದಾಯ ಕಾಲೇಜಿನ ಅರ್ಜಿಯನ್ನು ಈಗಿನಿಂದಲೇ ಸಿದ್ಧಮಾಡಿಕೊಳ್ಳಬೇಕೆಂದಿದ್ದೇನೆ.

ಹತ್ತು ಕ್ಷೇತ್ರಗಳ ಪಟ್ಟಿಗೆ ಗುರುತು ಹಾಕಿದೆ. ತಾಳೆಗರಿಯವರು ಹೇಳಿದ ಎರಡು ಕ್ಷೇತ್ರಗಳ ಜೊತೆಗೆ ತಂತ್ರಜ್ಞಾನದ ಕ್ಷೇತ್ರವೂ ಖಾಲಿ ಉಳಿಯಿತು. ನನ್ನ ಸೂಪರ್‌ವೈಸರ್‌ಗೆ ಅಕ್ಟೋಬರ್‌ನ ಆ ರಾತ್ರಿಯ ಬಗ್ಗೆ, ಯಾವ ಗುರುತೂ ಇಲ್ಲದಂತೆ, ಒಂದು ಪುಟ ಬರೆದು ನಿನ್ನೆ ಕಳುಹಿಸಿದೆ ಮತ್ತು ಗುರುವಾರದ ಭೇಟಿಯಲ್ಲಿ ಅದರ ಬಗ್ಗೆ ಮಾತಾಡಬಹುದೇ ಎಂದು ಕೇಳಿದೆ. ಅವರು ಒಂದು ಗಂಟೆಯೊಳಗೆ ಉತ್ತರಿಸಿ, ತಾವೂ ಮೊದಲ ವರ್ಷದಲ್ಲಿ ಅದೇ ಪ್ರಶ್ನೆಯನ್ನು ಕೇಳಲಾಗದೆ ಹಿಂದೆ ಸರಿದಿದ್ದಾಗಿಯೂ, ಅದನ್ನು ಇದುವರೆಗೆ ಯಾರ ಬಳಿಯೂ ಹೇಳಿಕೊಂಡಿಲ್ಲವೆಂದೂ ಬರೆದಿದ್ದಾರೆ.

ನಿನ್ನೆ ರಾತ್ರಿ ನನ್ನ ಸಹಪಾಠಿಯನ್ನು ಎದುರಿಗೆ ಕೂರಿಸಿಕೊಂಡು ಆ ವಾಕ್ಯವನ್ನು ಗಟ್ಟಿಯಾಗಿ ಹೇಳಿ ನೋಡಿದೆ. ನಾಲ್ಕನೆಯ ಸಲದವರೆಗೆ ದನಿ ನಡುಗಿತು. ಆರನೆಯ ಸಲ ಅವಳ ಕಣ್ಣು ನೋಡಿಕೊಂಡೇ ಕೇಳಿದೆ. ಗುರುವಾರದ ಭೇಟಿಯ ನಂತರ ಮತ್ತೆ ಇಲ್ಲಿ ಬರೆಯುತ್ತೇನೆ. ಅಷ್ಟರೊಳಗೆ ಶಿಸ್ತು ಕಚೇರಿಯಲ್ಲಿ ಪ್ರಾಕ್ಟಿಕಮ್ ಮಾಡಿದ ಯಾರಾದರೂ ತಮ್ಮ ಕಲಿಕೆಯ ಒಪ್ಪಂದದಲ್ಲಿ ಯಾವ ಗುರಿಗಳನ್ನು ಬರೆದಿದ್ದರೆಂದು ತಿಳಿಸಿದರೆ ನನ್ನ ಕರಡಿಗೆ ಸಹಾಯವಾಗುತ್ತದೆ.